ಕೆಂಪು ಕಾರಿನ ರೋಗಕ್ಕೆ ಹನ್ನೆರಡು ನಿಂಬೆಹಣ್ಣು

ಭಾನುವಾರ ಬೆಳಿಗ್ಗೆ ಚಕ್ರಪಾಣಿ ತನ್ನ ಹೊಸ ಯಂತ್ರವನ್ನು ಅಕ್ಕನ ಮನೆಯ ಪೋರ್ಟಿಕೋದಲ್ಲಿ ಇಳಿಸಿ, ಅದಕ್ಕೆ ಹೊದಿಸಿದ್ದ ಟವೆಲನ್ನು ಸರ್ರನೆ ಎಳೆದ. ಒಳಗಿದ್ದದ್ದು ಒಂದು ಪ್ರೆಶರ್ ಕುಕ್ಕರ್. ಅದರ ಹೊಟ್ಟೆಯಿಂದ ಹನ್ನೆರಡು ವೈರುಗಳು ಹೊರಬಂದಿದ್ದವು. ಒಂದೊಂದು ವೈರಿನ ತುದಿಗೂ ಒಂದೊಂದು ನಿಂಬೆಹಣ್ಣು ಚುಚ್ಚಿಕೊಂಡಿತ್ತು. ಅಕ್ಕ ವನಜಾಕ್ಷಿಗೆ ಆ ಕುಕ್ಕರನ್ನು ಎಲ್ಲೋ ನೋಡಿದ ನೆನಪು. ಹೋದ ತಿಂಗಳು ಅವಳ ಅಡುಗೆಮನೆಯಿಂದ ಕಾಣೆಯಾಗಿದ್ದು ಅದೇ.

“ಇದರ ಹೆಸರು ದೋಷಹೀರಕ,” ಎಂದು ಚಕ್ರಪಾಣಿ ಎದೆಯುಬ್ಬಿಸಿ ಹೇಳಿದ. “ಕಾರಲ್ಲಿ ಎಷ್ಟು ಫಾಲ್ಟ್ ಇದ್ರೂ ಹೀರಿ ಹಣ್ಣಿಗೆ ತುಂಬುತ್ತೆ. ದೋಷ ಅನ್ನೋದು ಸಾಯಲ್ಲ ಭಾವ, ಜಾಗ ಬದಲಾಯಿಸುತ್ತೆ ಅಷ್ಟೆ.”

ಚಕ್ರಪಾಣಿ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಸಹಾಯಕ. ಈ ಸಿದ್ಧಾಂತ ಅವನಿಗೆ ಹೊಳೆದದ್ದು ಆಯುಧಪೂಜೆಯ ದಿನ. ಚಕ್ರಗಳಡಿ ನಿಂಬೆಹಣ್ಣಿಟ್ಟು ಅಪ್ಪಚ್ಚಿ ಮಾಡಿದ ಮೇಲೆ ಭಾವನ ಕಾರು ಪ್ರತಿ ವರ್ಷವೂ ಎರಡು ದಿನ ಸರಿಯಾಗಿ ಓಡುತ್ತಿತ್ತು. ಉಳಿದ ಮುನ್ನೂರ ಅರವತ್ತಮೂರು ದಿನ ಅದನ್ನು ಓಡಿಸುತ್ತಿದ್ದವಳು ವನಜಾಕ್ಷಿ, ಹಿಂದಿನಿಂದ ತಳ್ಳಿ.

ಅದು ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು, ಮೂವತ್ತು ವರ್ಷ ಹಳೆಯದು. ಮೈಸೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅವಳ ಗಂಡ ಫಣಿರಾಜ ಹನ್ನೊಂದು ವರ್ಷದ ಹಿಂದೆ ಅದನ್ನು ಕೊಂಡು ತಂದಿದ್ದ. ಊರಿನವರಿಗೆಲ್ಲ ಕಣ್ಣು ಪರೀಕ್ಷೆ ಮಾಡುವ ಮನುಷ್ಯನಿಗೆ ಕಾರಿನ ವೈರಿಂಗ್ ಮಾತ್ರ ಕಾಣಲಿಲ್ಲ. ಎಡಕ್ಕೆ ಇಂಡಿಕೇಟರ್ ಹಾಕಿದರೆ ಹಾರ್ನ್ ಬಡಿದುಕೊಳ್ಳುತ್ತಿತ್ತು. ಹೆಡ್‌ಲೈಟ್ ಹಾಕಿದರೆ ವೈಪರ್ ಓಡುತ್ತಿತ್ತು. ಕೀಲಿ ತಿರುಗಿಸಿದರೆ ಕ್ರ್ ಕ್ರ್ ಎಂದು ಕೆಮ್ಮಿ ಸುಮ್ಮನಾಗುತ್ತಿತ್ತು. ಎಲೆಕ್ಟ್ರಿಷಿಯನ್ ಬಾಬಾಜಾನ್ ವಾರಕ್ಕೊಮ್ಮೆ ಬಂದು, ಒಂದು ವೈರ್ ಸರಿ ಮಾಡಿ, ಇನ್ನೆರಡನ್ನು ಸಡಿಲ ಬಿಟ್ಟು ಹೋಗುತ್ತಿದ್ದ. ಈಚೆಗೆ ಅವನ ಮನೆಗೆ ಮಹಡಿ ಬಂತು. ವನಜಾಕ್ಷಿಯ ಅಡುಗೆಮನೆಯ ಸೂರು ಮಾತ್ರ ಸೋರುತ್ತಲೇ ಇತ್ತು. ಮಳೆ ಬಂದಾಗ ಅವಳು ಒಲೆಯ ಪಕ್ಕ ಬಕೆಟ್ ಇಟ್ಟುಕೊಂಡು ಸಾರು ಕುದಿಸುತ್ತಿದ್ದಳು. ಕೇಳಿದರೆ ಫಣಿರಾಜನದು ಒಂದೇ ಉತ್ತರ, “ಈ ಸಲ ಕಾರಿಗೆ ಬೇಕು ಕಣೇ, ಮುಂದಿನ ಸಲ ಸೂರು.”

ಕೊನೆಗೆ ಅವಳಿಗೆ ರೇಗಿಹೋಯಿತು. ಕಾರು ಮಾರಾಟಕ್ಕಿದೆಯೆಂದು ತಾನೇ ಪೇಪರಿಗೆ ಜಾಹೀರಾತು ಕೊಟ್ಟಳು. ಹುಣಸೂರಿನ ಜವರಪ್ಪ ಎಂಬವರು ಈ ಭಾನುವಾರ ಸಾಯಂಕಾಲ ಕಾರು ನೋಡಲು ಬರುವವರಿದ್ದರು. ಕಾರು ಸರಿಹೋದರೆ ಮಾರುವ ಮಾತೇ ಬರದು ಎಂದುಕೊಂಡು ಫಣಿರಾಜ ಭಾವಮೈದುನನನ್ನು ಕರೆಸಿದ್ದ. ಸರಿಹೋದರೆ ಒಳ್ಳೆಯ ಬೆಲೆಗೆ ತೊಲಗೀತು ಎಂದುಕೊಂಡು ವನಜಾಕ್ಷಿ ಸುಮ್ಮನಿದ್ದಳು.

ಚಕ್ರಪಾಣಿ ಕುಕ್ಕರಿನ ಕ್ಲಿಪ್ಪುಗಳನ್ನು ಕಾರಿನ ಬ್ಯಾಟರಿಗೆ ಕಚ್ಚಿಸಿದ. ಕುಕ್ಕರ್ ಮೂರು ಸಲ ಕೂಗಿತು. ನಿಂಬೆಹಣ್ಣುಗಳು ಒಂದೊಂದಾಗಿ ಬೆಚ್ಚಿಬಿದ್ದಂತೆ ಕುಣಿದವು. ಅವನು ಪ್ರತಿ ಹಣ್ಣಿನ ಮೇಲೂ ಹಾರ್ನ್, ವೈಪರ್, ಸ್ಟಾರ್ಟಿಂಗ್ ಎಂದು ಪೆನ್ಸಿಲಿನಲ್ಲಿ ಬರೆದ. ಫಣಿರಾಜ ಕೀಲಿ ತಿರುಗಿಸಿದ. ಕಾರು ಒಂದೇ ಏಟಿಗೆ ಶುರುವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸದೆ, ನೆಟ್ಟಗೆ ನಿಂತು ಆ ಸದ್ದು ಕೇಳಿದ್ದು ವನಜಾಕ್ಷಿಗೆ ಅದೇ ಮೊದಲು. ಫಣಿರಾಜ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಆ ಹಣ್ಣುಗಳನ್ನು ಮೂರು ದಾರಿ ಕೂಡುವಲ್ಲಿ ಎಸೆದು ಬಾ ಎಂದು ವನಜಾಕ್ಷಿ ತಮ್ಮನಿಗೆ ಹೇಳಿದಳು. ಚಕ್ರಪಾಣಿಗೆ ಅವಮಾನವಾಯಿತು.

“ಇದೇನು ದೃಷ್ಟಿ ತೆಗೆದ ಹಣ್ಣಾ ಅಕ್ಕ? ಇದು ವಿಜ್ಞಾನ. ನಿನ್ನ ಮೂಢನಂಬಿಕೆ ಎಲ್ಲ ಇಲ್ಲಿ ತರಬೇಡ.”

ಸರಿ, ದೃಷ್ಟಿ ತೆಗೆದದ್ದಲ್ಲವಾದರೆ ಮೈಲಿಗೆಯೂ ಇಲ್ಲ ಎಂದು ಅವಳು ಲೆಕ್ಕ ಹಾಕಿದಳು. ಸಾಯಂಕಾಲ ಮನೆಗೆ ಹೊಸಬರು ಬೇರೆ ಬರುತ್ತಾರೆ. ಹನ್ನೆರಡನ್ನೂ ಚೆನ್ನಾಗಿ ತೊಳೆದು, ಹಿಂಡಿ, ಏಲಕ್ಕಿ ಹಾಕಿ ಒಂದು ಪಾತ್ರೆ ಷರಬತ್ತು ಮಾಡಿದಳು.

ಐದು ಗಂಟೆಗೆ ಜವರಪ್ಪ ಬಂದರು. ಷರಬತ್ತು ಕಂಡು, ತಮಗೆ ಶುಗರ್ ಇದೆ ಎಂದು ಕೈ ಮುಗಿದರು. ಅವರ ಲೋಟವನ್ನೂ, ವನಜಾಕ್ಷಿ ತನಗೆಂದು ಇಟ್ಟುಕೊಂಡದ್ದನ್ನೂ ಸೇರಿಸಿ ಫಣಿರಾಜ ಮೂರು ಲೋಟ ಕುಡಿದ. ಚಕ್ರಪಾಣಿ ಒಂದು ಲೋಟ ಕುಡಿದ. ಜವರಪ್ಪ ಒಂದು ಸುತ್ತು ಹೋಗಿ ನೋಡುತ್ತೇನೆಂದು ಕೀಲಿ ಇಸಿದುಕೊಂಡು ಹೋದರು.

ಚಕ್ರಪಾಣಿ ಚಕ್ಕುಲಿಗೆಂದು ಎಡಕ್ಕೆ ವಾಲಿದ. ಅವನ ಬಾಯಿಂದ ಪೀಂ ಎಂದು ಸದ್ದು ಬಂತು. ತೇಗು ಎಂದುಕೊಂಡು ಮತ್ತೆ ವಾಲಿದ. ಮತ್ತೆ ಪೀಂ. ಕತ್ತಲಾಯಿತೆಂದು ವನಜಾಕ್ಷಿ ನಡುಮನೆಯ ಲೈಟ್ ಹಾಕಿದಳು. ಫಣಿರಾಜನ ಎರಡು ಕೈಗಳೂ ಮುಖದ ಮುಂದೆ ಅತ್ತಿಂದಿತ್ತ ಬೀಸತೊಡಗಿದವು. ಕನ್ನಡಕ ಹಾರಿ ಸೋಫಾದ ಕೆಳಗೆ ಬಿತ್ತು. ಅವಳು ಗಾಬರಿಯಿಂದ ಲೈಟ್ ಆರಿಸಿದಳು. ಕೈಗಳು ಅರ್ಧದಲ್ಲೇ ನಿಂತವು.

ಚಕ್ರಪಾಣಿ ಅಡುಗೆಮನೆಗೆ ಓಡಿದ. ಅಲ್ಲಿಗೆ ಹೋಗಬೇಕಾದರೆ ಎಡಕ್ಕೆ ಎರಡು ತಿರುವು, ಎರಡು ಸಲ ಪೀಂ ಪೀಂ. ಹಿಂಡಿದ ಹನ್ನೆರಡು ಸಿಪ್ಪೆಗಳನ್ನು ಕಂಡು ತಲೆಯ ಮೇಲೆ ಕೈ ಹೊತ್ತು ಕುಳಿತ.

ಅಷ್ಟರಲ್ಲಿ ಜವರಪ್ಪ ವಾಪಸು ಬಂದರು. ಮುಖ ಅರಳಿತ್ತು. ಚಾಮುಂಡಿ ಬೆಟ್ಟದ ಬುಡದವರೆಗೆ ಹೋಗಿ ಬಂದರಂತೆ, ಒಂದು ಕುಂದೂ ಕಾಣಲಿಲ್ಲವಂತೆ. ದುಡ್ಡಿನ ಕವರನ್ನು ಮೇಜಿನ ಮೇಲಿಟ್ಟರು. “ಏನಂತೀರಾ ಸಾರ್, ತಗೊಂಡು ಹೋಗ್ಲಾ?”

ಫಣಿರಾಜ ಸೋಫಾದಿಂದ ಎದ್ದು ನಿಂತ. ಹನ್ನೊಂದು ವರ್ಷ ಕಾದು ಕಾದು ಇವತ್ತು ತಾನೇ ಸರಿಹೋದ ಕಾರು. ಕೊಡುವುದಿಲ್ಲ ಎನ್ನಲು ಬಾಯಿ ತೆರೆದ.

“ಕ್ರ್... ಕ್ರ್... ಕ್ರ್...”

ಇನ್ನೊಮ್ಮೆ ಪ್ರಯತ್ನಿಸಿದ. ಮುಖ ಕೆಂಪೇರಿತು, ಕುತ್ತಿಗೆಯ ನರ ಉಬ್ಬಿತು. ಕ್ರ್ ಕ್ರ್ ಎಂದು ಕೆಮ್ಮಿ ಸುಮ್ಮನಾದ. ತಿರುಗಿ ಹೆಂಡತಿಯನ್ನು ನೋಡಿದ. ಆ ನೋಟ ಅವಳಿಗೆ ಹೊಸದಲ್ಲ. ಮದುವೆಮನೆಗಳ ಮುಂದೆ, ರೇಷ್ಮೆ ಸೀರೆಯುಟ್ಟು ನಿಂತಾಗ, ಸ್ಟಿಯರಿಂಗ್ ಹಿಂದಿನಿಂದ ಎಷ್ಟೋ ಸಲ ಬಂದ ನೋಟ ಅದು. ಈ ಸದ್ದಿಗೆ ಮದ್ದೇನೆಂದು ಮೈಸೂರಿನಲ್ಲೆಲ್ಲ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಬೆನ್ನಿಗೆ ಕೈಕೊಟ್ಟು ಮೂರು ಹೆಜ್ಜೆ ಜೋರಾಗಿ ತಳ್ಳಬೇಕು, ಅಷ್ಟೆ.

ವನಜಾಕ್ಷಿ ಕೈ ಕಟ್ಟಿಕೊಂಡು ನಿಂತಳು.

“ಅವರಿಗೆ ಸಂಕಟ ಆಗ್ತಿದೆ, ಮಾತು ಹೊರಡ್ತಿಲ್ಲ. ನೀವು ಹೊರಡಿ,” ಎಂದಳು ಜವರಪ್ಪನವರಿಗೆ.

ಕೆಂಪು ಕಾರು ಗೇಟು ದಾಟಿ, ಬೀದಿಯ ಕೊನೆಯಲ್ಲಿ ಸದ್ದಿಲ್ಲದೆ ಎಡಕ್ಕೆ ತಿರುಗಿ ಮರೆಯಾಯಿತು. ಆಗ ಅವಳು ನಿಧಾನವಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಡನ ಬೆನ್ನಿಗೆ ಎರಡು ಕೈ ಕೊಟ್ಟು ಮೂರು ಹೆಜ್ಜೆ ತಳ್ಳಿದಳು.

“ಕೊಡಲ್ಲ!” ಎಂದು ಫಣಿರಾಜ ಖಾಲಿ ಪೋರ್ಟಿಕೋಗೆ ಕೂಗಿ ಹೇಳಿದ.

ಮರುವಾರವೇ ಅಡುಗೆಮನೆಗೆ ಹೊಸ ಸೂರು ಬಂತು. ಚಕ್ರಪಾಣಿ ಕುಕ್ಕರನ್ನು ಬಗಲಲ್ಲಿಟ್ಟುಕೊಂಡು ಬಂದು, ಇನ್ನೊಂದು ಹನ್ನೆರಡು ನಿಂಬೆಹಣ್ಣು ಕೊಟ್ಟರೆ ಭಾವನನ್ನು ಹತ್ತೇ ನಿಮಿಷದಲ್ಲಿ ಸರಿಮಾಡಿಬಿಡುತ್ತೇನೆ ಎಂದ, ನಡುನಡುವೆ ಪೀಂಗುಟ್ಟುತ್ತ.

ವನಜಾಕ್ಷಿ ಅವನ ಕೈಯಿಂದ ಕುಕ್ಕರ್ ಕಿತ್ತುಕೊಂಡು ಬೇಳೆಗಿಟ್ಟಳು. “ಈಗ ನಿಂಬೆಹಣ್ಣು ತುಂಬಾ ದುಬಾರಿ ಕಣೋ,” ಎಂದಳು. “ಮುಂದಿನ ಸಲ ನೋಡೋಣ.”