ಮೀನಿನ ಪಂಪು ಮತ್ತು ನಮ್ಮ ಓಣಿಯ ನಳ

ಊಟವಾದ ಮೇಲೆ ಕೆಲವರಿಗೆ ಎಲೆಯಡಿಕೆ ಬೇಕು. ನನಗೆ ಒಂದು ಚಿಂತೆ ಬೇಕು. ಅದು ದೊಡ್ಡದೇ ಆಗಬೇಕೆಂದಿಲ್ಲ. ಗ್ಯಾಸ್ ಆರಿಸಿದೆವೋ ಇಲ್ಲವೋ, ಬಸ್ಸಿನ ಡ್ರೈವರನಿಗೆ ನಿದ್ದೆ ಸರಿಯಾಗಿ ಆಗಿದೆಯೋ ಇಲ್ಲವೋ, ಗಜೇಂದ್ರಗಡದ ಗುಡ್ಡದ ಮೇಲೆ ಇಷ್ಟು ವರ್ಷ ಸುಮ್ಮನೆ ಕುಳಿತ ಬಂಡೆ ಇವತ್ತೇ ಏಕೆ ಉರುಳಬಾರದು, ಹೀಗೆ ಯಾವುದಾದರೂ ನಡೆಯುತ್ತದೆ. ಹೈಸ್ಕೂಲಿನಲ್ಲಿ ಪಾಠ ಹೇಳುವುದು ನನ್ನ ಉಪಕಸುಬು, ಮೂಲ ಕಸುಬು ಚಿಂತೆ ಎಂದು ನನ್ನ ಹೆಂಡತಿ ನೀಲಾ ಬಂದವರಿಗೆಲ್ಲ ಹೇಳುತ್ತಾಳೆ. ಇಂಥವನ ಮನೆಗೆ ಮೀನಿನ ಪೆಟ್ಟಿಗೆ ಬರಬಾರದಿತ್ತು. ಬಂತು.

ಮೊಬೈಲ್ ಎಂದರೆ ಹಾವಿನ ಆಟ ಎಂದು ನಾವೆಲ್ಲ ತಿಳಿದಿದ್ದ ಕಾಲ ಅದು. ಹುಬ್ಬಳ್ಳಿಯಲ್ಲಿದ್ದ ನೀಲಾಳ ತಮ್ಮನಿಗೆ ದೂರದ ಊರಿಗೆ ವರ್ಗವಾಯಿತು. ಅವನು ತನ್ನ ಗಾಜಿನ ಪೆಟ್ಟಿಗೆಯನ್ನೂ ಅದರ ಬಂಗಾರದ ಬಣ್ಣದ ನಾಲ್ಕು ಮೀನುಗಳನ್ನೂ ಟೆಂಪೋದಲ್ಲಿ ಹೇರಿ ನಮ್ಮಲ್ಲಿಗೆ ಕಳಿಸಿಬಿಟ್ಟ. ಅದು ಎರಡು ಅಂತಸ್ತಿನ ಸಂಸಾರ. ಮೇಲಿನ ಪೆಟ್ಟಿಗೆಯಲ್ಲಿ ಮೀನು; ಕೆಳಗೆ, ಸ್ಟ್ಯಾಂಡಿನ ಹೊಟ್ಟೆಯಲ್ಲಿ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಒಂದು ಕೊಳವೆಯಿಂದ ಕೆಳಗಿಳಿದು, ಆ ತೊಟ್ಟಿಯ ಸ್ಪಂಜು ಕಲ್ಲುಗಳ ನಡುವೆ ಹಾಯ್ದು ಶುದ್ಧವಾಗುತ್ತದೆ. ಅದನ್ನು ಮತ್ತೆ ಮೇಲಕ್ಕೆ ಕಳಿಸಲು ಒಂದು ಪಂಪು ಬೇಕು. ಉಳಿದುದೆಲ್ಲ ಬಂದಿತ್ತು, ಪಂಪು ಸುಟ್ಟುಹೋಗಿತ್ತು.

ಹೊಸ ಪಂಪು ಬರುವವರೆಗೆ ಮೀನುಗಳು ನೀಲಾಳ ಬಟ್ಟೆ ನೆನೆಸುವ ಟಬ್ಬಿನಲ್ಲಿ ಬಿಡಾರ ಹೂಡಿದವು. ಪೆಟ್ಟಿಗೆ ಇಡಲು ನಡುಮನೆಯ ಹೊರತು ಬೇರೆ ಜಾಗವಿಲ್ಲ. ನಡುಮನೆ ಎಂದರೆ ನೀಲಾಳ ಅಂಗಡಿ. ಊರಿನ ನೇಕಾರರಿಂದ ಸೀರೆ ತಂದು, ಜಮಖಾನೆಯ ಮೇಲೆ ಹರಡಿ, ಸುತ್ತಿನ ಹಳ್ಳಿಯ ಮದುವೆ ಮನೆಯವರಿಗೆ ಮಾರುವವಳು ಅವಳು. ಮನೆಯ ಮರ್ಯಾದೆ ನಿಂತಿರುವುದು ನನ್ನ ಸಂಬಳದ ಮೇಲಲ್ಲ, ಆ ಜಮಖಾನೆಯ ಮೇಲೆ. "ನೋಡ್ರಿ, ನನ್ನ ತಮ್ಮ ಕೊಟ್ಟಾನಂತ ಇಟ್ಕೊಳ್ತೀನಿ. ಆದ್ರ ಒಂದ್ ಹನಿ ನೀರು ನನ್ನ ಸೀರಿ ಮ್ಯಾಲ ಬಿತ್ತೋ, ಪೆಟ್ಟಗಿ ಸೀದಾ ಓಣ್ಯಾಗ. ಮೀನೂ ಓಣ್ಯಾಗ. ನೀವು ಎಲ್ಲಿರ್ತೀರಿ ಅನ್ನೋದು ನಿಮ್ಮ ವಿಚಾರ," ಎಂದಳು. ಇಷ್ಟು ಹೊತ್ತಿಗೆ ನನಗೂ ಮೀನುಗಳಿಗೂ ಸಲುಗೆ ಬೆಳೆದಿತ್ತು. ನನ್ನ ಹಾಗೆ ಅವೂ ಕಣ್ಣು ಮುಚ್ಚುವುದಿಲ್ಲ. ನಿಂತಲ್ಲೇ ಬಾಯಿ ತೆರೆದು ಏನನ್ನೋ ಯೋಚಿಸುತ್ತವೆ.

ನಮ್ಮ ಕಡೆ ಪಂಪಿನ ವಿಷಯ ತೆಗೆದರೆ ಗೊತ್ತಿಲ್ಲ ಎನ್ನುವವರು ಸಿಗುವುದಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರ್ ಅಂಗಡಿಯಿಟ್ಟಿರುವ ಮಕ್ತುಂಸಾಬರನ್ನು ಮೊದಲು ಕಂಡೆ. "ಬರ್ರಿ ಮಾಸ್ತರ್ರ. ಎಷ್ಟ ಎಕರೆ ಐತ್ರಿ?" ಎಂದರು. ಎಕರೆ ಅಲ್ಲ, ಮೀನಿನ ಪೆಟ್ಟಿಗೆ ಎಂದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಮೀನಿಗೆ ಮೋಟಾರ್ ಯಾಕ್ರಿ? ಈಸಾಕ ಬರಂಗಿಲ್ಲೇನು ಅವಕ್ಕ?" ಎಂದು ಕೇಳಿದರು. ನಮ್ಮ ಹೈಸ್ಕೂಲಿನಲ್ಲೇ ಗಣಿತ ಹೇಳುವ ಅಬ್ಬಿಗೇರಿಯ ವೀರಣ್ಣ ಬೋರ್‌ವೆಲ್ ಇರುವ ಮನುಷ್ಯ, ಹೀಗಾಗಿ ಅವನ ಮಾತಿಗೆ ತೂಕ ಜಾಸ್ತಿ. "ಸರ, ಪಂಪು ಯಾವತ್ತೂ ಒಂದ್ ಸೈಜ್ ದೊಡ್ಡದ ತಗೋಬೇಕ್ರಿ. ಸಣ್ಣ ಹುಡುಗ್ರಿಗೆ ಅಂಗಿ ಹೊಲಿಸಿದಂಗ. ನಾಳೆ ಮೀನು ಬೆಳೀತಾವಲ್ಲ!" ಎಂದ. ಗಣಿತದವನು ಹೇಳಿದ ಮೇಲೆ ಲೆಕ್ಕ ತಪ್ಪಲಾರದು ಎಂದು ನಂಬಿದೆ.

ಹುಬ್ಬಳ್ಳಿಗೆ ಹೋದರೆ, ಅಲ್ಲಿಯ ಸಾಕುಮೀನಿನ ಅಂಗಡಿಯವನು ಮಾತ್ರ ತಣ್ಣಗೆ ಒಂದು ಸಣ್ಣ ಪಂಪು ತೋರಿಸಿದ. "ನಿಮ್ಮ ಪೆಟ್ಟಗಿಗೆ ಇಷ್ಟ ಸಾಕ್ರಿ," ಎಂದ. ಅದು ನನ್ನ ಮುಷ್ಟಿಗಿಂತ ಚಿಕ್ಕದು, ನೋಡಿದರೆ ಮಿಕ್ಸರಿನ ಮರಿಯ ಹಾಗಿತ್ತು. ಇಷ್ಟು ಎತ್ತರಕ್ಕೆ ನೀರೆತ್ತುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತೇನೋ ನಿಜ. ಆದರೆ ನಾನು ಬಂದ ಬಸ್ಸಿನ ಮೇಲೂ ನಾನ್‌ಸ್ಟಾಪ್ ಎಂದು ಬರೆದಿತ್ತು. ಅದು ಕೈ ತೋರಿಸಿದವರಿಗೆಲ್ಲ ನಿಂತು ಬಂದಿತ್ತು. ನಡುವೆ ಪಂಪು ದಣಿದರೆ? ನೀರು ಅರ್ಧ ಕೊಳವೆಗೇ ನಿಂತು ಮೀನುಗಳಿಗೆ ಉಸಿರು ಕಟ್ಟಿದರೆ? ಅಂಗಡಿಯಲ್ಲಿದ್ದುದರಲ್ಲೇ ಎಲ್ಲಕ್ಕಿಂತ ದೊಡ್ಡದನ್ನು ಕಟ್ಟಿಸಿಕೊಂಡು, ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ.

ಮರುದಿನ ರವಿವಾರ. ಮಧ್ಯಾಹ್ನ ಪುರ್ತಗೇರಿಯಿಂದ ಮದುಮಗಳ ಕಡೆಯವರು ಬರುವವರಿದ್ದರು. ನೀಲಾ ಬೆಳಿಗ್ಗೆಯೇ ಜಮಖಾನೆಯ ತುಂಬ ಸೀರೆ ಹರಡಿದ್ದಳು. ನಾನು ಬಹಳ ಮುಂಜಾಗ್ರತೆಯಿಂದ ಪೆಟ್ಟಿಗೆ ಜೋಡಿಸಿದೆ. ಪಂಪು ಒಣಗಿ ಸುಟ್ಟೀತೆಂದು ಕೆಳಗಿನ ತೊಟ್ಟಿಯನ್ನು ಕಂಠಮಟ ತುಂಬಿದೆ. ನೀರು ಮೇಲಿಂದ ಧುಮುಕಿದರೆ ಮೀನು ಹೆದರಿಯಾವೆಂದು ಪಂಪಿನ ಕೊಳವೆಯ ತುದಿಯನ್ನು ಮೇಲಿನ ಪೆಟ್ಟಿಗೆಯ ತಳದವರೆಗೆ ಇಳಿಬಿಟ್ಟೆ. ಮೀನುಗಳನ್ನು ಒಳಗೆ ಬಿಟ್ಟು, ಮನೆದೇವರನ್ನು ನೆನೆದು ಗುಂಡಿ ಒತ್ತಿದೆ. ಪಂಪು "ಗುಂಯ್" ಎಂದಿತು. ಮೇಲಿನ ನೀರು ಗಳಗಳ ಕೆಳಗಿಳಿಯಿತು. ಗೋಡೆ ಸಣ್ಣಗೆ ನಡುಗಿತು.

ಇಲ್ಲಿ ನಮ್ಮ ಓಣಿಯ ಒಂದು ಗುಟ್ಟು ಹೇಳಬೇಕು. ನಮ್ಮಲ್ಲಿ ನಳದ ನೀರು ಬರುವುದು ವಾರಕ್ಕೊಮ್ಮೆ, ಅದೂ ಅದರ ಮನಸ್ಸು ಬಂದಾಗ. ನಳಕ್ಕೆ ಮೋಟಾರ್ ಹಚ್ಚಿ ನೀರೆಳೆಯುವುದು ಕಾನೂನಿಗೆ ವಿರುದ್ಧ. ಆದ್ದರಿಂದ ಎಲ್ಲರ ಮನೆಯಲ್ಲೂ ಮೋಟಾರ್ ಇದೆ, ಯಾರ ಮನೆಯಲ್ಲೂ ಇಲ್ಲ. ಒಬ್ಬರ ಮನೆಯ ಮೋಟಾರ್ ಗುಂಯ್‌ಗುಟ್ಟಿದರೆ ನಳ ಬಂತೆಂದೇ ಅರ್ಥ. ತಡಮಾಡಿದರೆ ಮೊದಲು ಹಚ್ಚಿದವರು ನೀರನ್ನೆಲ್ಲ ಎಳೆದುಕೊಂಡುಬಿಡುತ್ತಾರೆ. ಎದುರು ಮನೆಯ ಶಂಕ್ರವ್ವನ ಕಿವಿ ಈ ಕೆಲಸಕ್ಕೇ ಹುಟ್ಟಿದ್ದು. "ಏ, ನೀರ್ ಬಂದಾವ! ಮಾಸ್ತರ ಮನಿ ಮೋಟಾರ್ ಚಾಲೂ ಆತು!" ಎಂದು ಕೂಗಿದಳು. ಅಷ್ಟೇ. ಓಣಿಯ ಅಷ್ಟೂ ಮೋಟಾರುಗಳು ಒಣ ನಳಕ್ಕೆ ಬಾಯಿ ಹಚ್ಚಿ ಒಮ್ಮೆಲೇ ಗುಂಯ್‌ಗುಟ್ಟಿದವು. ಮೂಲೆಯ ಟ್ರಾನ್ಸ್‌ಫಾರ್ಮರ್ "ಠಪ್" ಎಂದಿತು. ಫ್ಯಾನು ನಿಂತಿತು, ಪಂಪೂ ನಿಂತಿತು.

ಆಹಾ, ಎಷ್ಟು ಶಾಂತ ಎಂದುಕೊಂಡೆ. ಆ ಶಾಂತಿಯಲ್ಲಿ ಕೆಳಗಿನಿಂದ ಸಣ್ಣ ಸದ್ದು ಕೇಳಿತು. ಪಂಪು ನಿಂತೊಡನೆ ಮೇಲಿನ ನೀರು ತಳಕ್ಕೆ ಮುಟ್ಟಿದ್ದ ಅದೇ ಕೊಳವೆಯಿಂದ ಹಿಂದಕ್ಕಿಳಿಯುತ್ತಿತ್ತು. ಕಂಠಮಟ ತುಂಬಿದ ತೊಟ್ಟಿ ಉಕ್ಕಿ ನೆಲಕ್ಕೆ ಹರಿದು ಜಮಖಾನೆಯ ದಿಕ್ಕು ಹಿಡಿಯಿತು. ನಾನು ಕೊಳವೆ ಎಳೆಯುವುದು ಬಿಟ್ಟು ತೊಟ್ಟಿಯ ಬಾಯಿಗೆ ಎರಡೂ ಅಂಗೈ ಒತ್ತಿ ನಿಂತೆ, ನೀರು ಮೇಷ್ಟರ ಮಾತು ಕೇಳುತ್ತದೆ ಎಂಬಂತೆ. ಆಗಲೇ ಶಂಕ್ರವ್ವ ಓಣಿಯ ಹೆಂಗಸರೊಂದಿಗೆ ಜಗಳಕ್ಕೆ ಬಂದಳು.

"ನಳಾ ಬರದ ಮೋಟಾರ್ ಯಾಕ ಹಚ್ಚಿದ್ರಿ ಮಾಸ್ತರ್ರ?"

"ನನ್ನದು ಮೀನಿನ ಮೋಟಾರ್ರಿ ಶಂಕ್ರವ್ವಾರ. ನಿಮ್ಮ ಮನಿದು ಯಾತರದು?"

"ನಮ್ಮದು... ಮಿಕ್ಸರ್," ಎಂದಳು ಶಂಕ್ರವ್ವ.

"ಓಣಿಗೆ ಓಣಿ ಒಮ್ಮೆಲೇ ಚಟ್ನಿ ಅರದ್ರೇನ್ರಿ?"

"ಚಟ್ನಿ ಸುಡ್ಲಿ, ಮೊದ್ಲ ಸೀರಿ ಎತ್ರವಾ!" ಎಂದು ಅಡುಗೆಮನೆಯಿಂದ ಓಡಿ ಬಂದ ನೀಲಾ ಚೀರಿದಳು, ಒಂದೇ ಕೈಯಿಂದ ಕೊಳವೆಯನ್ನು ನೀರಿನಿಂದ ಮೇಲೆಳೆದಳು. ಹರಿವು ನಿಂತಿತು. ಜಗಳಕ್ಕೆ ಬಂದವರು ಸೆರಗು ಸಿಕ್ಕಿಸಿ ಸೀರೆ ಎತ್ತತೊಡಗಿದರು. ಜಮಖಾನೆಯ ಅಂಚು ನೆನೆಯಿತು, ಸೀರೆಗೆ ಹನಿ ತಾಗಲಿಲ್ಲ. ಆದರೆ ಹೆಂಗಸರು ಕೈಗೆ ಬಂದ ಸೀರೆಯನ್ನು ಬಿಚ್ಚದೆ ಇಡುವುದುಂಟೆ? "ನೀಲಕ್ಕಾ, ಈ ದಡಿ ಭಾಳ ಚಲೋ ಐತಲ್ಲ, ಯಾರಿಗಿಟ್ಟೀದಿ?" ಎಂದು ಶಂಕ್ರವ್ವ ಕೇಳಿದಳು. ಪುರ್ತಗೇರಿಯವರು ಬರುವಷ್ಟರಲ್ಲಿ ವ್ಯಾಪಾರ ಅರ್ಧ ಮುಗಿದಿತ್ತು. ಆ ಪುಣ್ಯದಿಂದ ಪೆಟ್ಟಿಗೆ ಒಳಗೆ ಉಳಿಯಿತು, ನಾನೂ ಉಳಿದೆ. ನೆಲ ಒರೆಸುತ್ತಿದ್ದ ನನ್ನ ಮೇಲೆ ನೀಲಾ ಒಂದೇ ಮಾತು ಹಾಕಿದಳು. "ಎಂದೂ ಆಗದ್ದನ್ನೆಲ್ಲಾ ಕುಂತು ಚಿಂತಿ ಮಾಡ್ತೀರಿ. ದಿನಾ ಹೋಗೋ ಕರೆಂಟು ನೆನಪಾಗ್ಲಿಲ್ಲೇನ್ರಿ ನಿಮಗ?"

ಮತ್ತೆ ಹುಬ್ಬಳ್ಳಿಗೆ ಹೋಗಿ ಆ ಮಿಕ್ಸರಿನ ಮರಿಯನ್ನೇ ತಂದೆ. ಕೊಳವೆಯ ತುದಿಯನ್ನು ನೀರಿನ ಮೇಲ್ಮೈಗೆ ಹತ್ತಿಸಿದೆ, ತೊಟ್ಟಿಯನ್ನು ಅರ್ಧಕ್ಕೆ ಇಳಿಸಿದೆ. ಈಗ ಕರೆಂಟು ಹೋದರೆ ಬೆರಳಷ್ಟು ನೀರು ಇಳಿದು ತಾನೇ ನಿಲ್ಲುತ್ತದೆ. ಪಂಪಿನ ಸದ್ದು ಸೊಳ್ಳೆಯ ಸದ್ದಿನಷ್ಟು. ಇನ್ನು ಮೇಲೆ ವ್ಯರ್ಥ ಚಿಂತೆ ಮಾಡುವುದಿಲ್ಲ ಎಂದು ಮೀನುಗಳ ಸಾಕ್ಷಿಯಾಗಿ ನಿಶ್ಚಯಿಸಿದೆ. ನಡೆಸಿಯೂ ತೋರಿಸಿದೆ. ಒಂದು ಮಧ್ಯಾಹ್ನ ನೀಲಾ ಸೀರೆ ಮುಟ್ಟಿಸಲು ರೋಣಕ್ಕೆ ಹೋಗಿದ್ದಾಗ ಮಲಗಿದಲ್ಲೇ ಗುಂಯ್ ಎಂಬ ಸದ್ದು ಕೇಳಿತು. ಎದ್ದು ನೋಡಲೇ ಎನಿಸಿತು. ಛೇ, ಅದು ನಮ್ಮ ಪಂಪೇ, ಸುಮ್ಮನೆ ಮಲಗು ಎಂದು ನನಗೆ ನಾನೇ ಹೇಳಿಕೊಂಡು, ವರ್ಷಗಳಲ್ಲಿ ಕಾಣದ ನಿದ್ದೆ ಮಾಡಿದೆ.

ಸಂಜೆ ನೀಲಾ ಬಂದಾಗ ಓಣಿಯ ಎಲ್ಲರ ನೀರಿನ ಟಾಕಿಗಳೂ ತುಂಬಿ ತುಳುಕುತ್ತಿದ್ದವು. ನಮ್ಮದರ ತಳದಲ್ಲಿ ಒಂದು ಹಲ್ಲಿ ಓಡಾಡುತ್ತಿತ್ತು. ಮಧ್ಯಾಹ್ನ ಬಂದುಹೋದ ನಳ ಇನ್ನೊಂದು ವಾರ ಬರುವುದಿಲ್ಲ. ಅವಳು ಬೈಯಲಿಲ್ಲ. ಖಾಲಿ ತಂಬಿಗೆಯನ್ನು ನನ್ನ ಕೈಗಿತ್ತು, ನಡುಮನೆಯ ಗಾಜಿನ ಪೆಟ್ಟಿಗೆಯ ಕಡೆ ಕೈ ತೋರಿಸಿದಳು.

"ಹೋಗ್ರಿ, ಅವ್ರನ್ನ ಕೇಳ್ರಿ. ನಿಮ್ಮ ಮಾರಿ ನೋಡಿ ಒಂದ್ ತಂಬಿಗಿ ಕೊಟ್ರೂ ಕೊಟ್ಟಾವು."