ಶ್ರೀಶೈಲಪ್ಪನ ಕಾಗದ ಉಳಿತಾಯ

ಕಾಗದಕ್ಕೇ ಬರ ಬಂದಿದ್ದ ಎಪ್ಪತ್ನಾಲ್ಕನೆಯ ಇಸವಿಯಲ್ಲಿ, ಸಿಂದಗಿ ಬಜಾರದ ಪ್ರೆಸ್ಸಿನ ಶ್ರೀಶೈಲಪ್ಪನಿಗೆ ಜ್ಞಾನೋದಯವಾಯಿತು. ಆದದ್ದು ಯಾವ ಪವಿತ್ರ ವೃಕ್ಷದ ಕೆಳಗೂ ಅಲ್ಲ, ಖಾಲಿ ಬಿದ್ದಿದ್ದ ಕಾಗದದ ಕಪಾಟಿನ ಮುಂದೆ. ಗಿಡ ಕಡಿದು, ಬಿದಿರು ಅರೆದು ಮಾಡಿದ ಹಾಳೆಯ ಒಂದೇ ಮಗ್ಗುಲಿಗೆ ಅಚ್ಚು ಹಾಕಿ, ಇನ್ನೊಂದು ಮಗ್ಗುಲನ್ನು ಬೋಳು ಬಿಡುವುದು ಮಹಾಪಾಪ. ಇನ್ನು ಈ ಪ್ರೆಸ್ಸಿನಲ್ಲಿ ಯಾವ ಹಾಳೆಯೂ ಅರ್ಧಾಯುಷ್ಯಕ್ಕೆ ಸಾಯಕೂಡದು!

ಈ ಮಹಾಸಂಕಲ್ಪ ಊರಿಗೆ ತಿಳಿಯಬೇಕಲ್ಲ? ‘ಕಾಗದ ಉಳಿಸಿರಿ, ಗಿಡ ಉಳಿಸಿರಿ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಗೋಡೆಗೆ ಮೊಳೆ ಹೊಡೆದ.

ಪ್ರೆಸ್ಸಿನ ಹಿಂದೆಯೇ ಮನೆ. ಹೆಂಡತಿ ಗುರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೋಡಿದಳು.

“ಇದ್ದದ್ದೊಂದು ಹೊಸಾ ಹಾಳಿ ಇದಕ್ಕ ತೀರಿಸಿದ್ರೇನ್ರಿ?”

“ನಿನಗ ತಿಳಿಯೂದಿಲ್ಲ, ಸುಮ್ನಿರು. ಇದು ಜನಜಾಗೃತಿ.”

“ಆಗ್ಲಿ ಬಿಡ್ರಿ. ನನ್ನ ರದ್ದಿಗಿ ಅಷ್ಟ ಕೈ ಹಚ್ಚಬ್ಯಾಡ್ರಿ.”

ಗುರವ್ವನ ರದ್ದಿಯೆಂದರೆ ಪ್ರೆಸ್ಸಿನಲ್ಲಿ ತಪ್ಪು ಹೊಡೆದು ಬಿಸಾಕಿದ ಹಾಳೆಗಳು. ಅವನ್ನು ನೆನೆಹಾಕಿ, ಮೆಂತೆ ಸೇರಿಸಿ, ಒರಳಿನಲ್ಲಿ ಬೆಣ್ಣೆಯಂತೆ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತಿ ಒಣಗಿಸಿದರೆ ಅಕ್ಕಿ-ಜೋಳ ತುಂಬಲು ಗಟ್ಟಿಮುಟ್ಟಾದ ಬುಟ್ಟಿ. (ಶ್ರೀಶೈಲಪ್ಪ ಹೊಡೆಯುವ ತಪ್ಪುಗಳ ಪ್ರಮಾಣಕ್ಕೆ ಆ ಮನೆಯಲ್ಲಿ ಬುಟ್ಟಿಗೆ ಎಂದೂ ಕೊರತೆ ಬಿದ್ದದ್ದಿಲ್ಲ.)

ಆಗಲೇ ಕನ್ನೊಳ್ಳಿಯ ಅಮೋಘಸಿದ್ಧ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದ. ಇಡೀ ತಿಂಗಳಲ್ಲಿ ಬಂದದ್ದು ಇದೊಂದೇ ಕೆಲಸ. ಇದೂ ಕೆಟ್ಟರೆ ಪ್ರೆಸ್ಸಿಗೆ ಬೀಗವೇ ಗತಿ. ಆದರೆ ಕಾಗದ? ಶ್ರೀಶೈಲಪ್ಪ ಅಟ್ಟ ಹತ್ತಿದ. ಮಳೆಗೆ ಹೆದರಿ ಊರು ಬಿಟ್ಟ ನಾಟಕ ಕಂಪನಿಯೊಂದು ಒಯ್ಯದೆ ಬಿಟ್ಟ ಹ್ಯಾಂಡ್‌ಬಿಲ್ಲುಗಳು ಕಟ್ಟುಗಟ್ಟಲೆ ಬಿದ್ದಿದ್ದವು. ಒಂದು ಮಗ್ಗುಲಿಗೆ ಮೀಸೆ ತಿರುವುವ ರಾಜ, ಇನ್ನೊಂದು ಮಗ್ಗುಲು ಸ್ವಚ್ಛ ಬೋಳು. ಆ ಬೋಳು ಮಗ್ಗುಲಿಗೆ ವಧೂವರರ ಹೆಸರು ಹೊಡೆದ. ರಾಜ ಒಳಗಾಗುವಂತೆ ಮಡಚಿ ಅಂಚಿಗೆ ಅಂಟು ಹಚ್ಚಿದರೆ ಯಾರಿಗೆ ತಿಳಿಯಬೇಕು?

ಶಾಯಿ ಒಣಗಿದ ಮೇಲೆ, ಮಡಚುವುದು ಆಮೇಲೆ ಎಂದುಕೊಂಡು, ಧೂಳು ಕೂಡಬಾರದೆಂದು ಅಷ್ಟನ್ನೂ ರಾಜ ಮೇಲಾಗುವಂತೆ ಬೋರಲು ಪೇರಿಸಿಟ್ಟ. ಮುಂದಿನ ಕೆಲಸಕ್ಕೆ ಎಲ್ಲಿಯಾದರೂ ಕಾಗದ ಸಿಕ್ಕೀತೇ ಎಂದು ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಸುತ್ತಲು ಬಸ್ಸು ಹತ್ತಿದ. ಹೆಂಡತಿಗೆ ಒಂದು ಮಾತು ಹೇಳುವುದು ಮಾತ್ರ ಮರೆತ.

ಕೆಲವು ದಿನ ಅಲೆದು ಬರಿಗೈಯಲ್ಲಿ ಮರಳಿದಾಗ, ಅಂಗಳದ ಬಿಸಿಲಿಗೆ ಹೊಸ ಬುಟ್ಟಿಗಳು ಬೀಗರಂತೆ ಸಾಲಾಗಿ ಕೂತಿದ್ದವು.

“ಗುರವ್ವಾ, ಪತ್ರಿಕಿ ಎಲ್ಲದಾವ?”

“ಯಾವ ಪತ್ರಿಕಿ? ಮಷಿನ್ ಹಂತೇಕ ಹಳೇ ನಾಟಕದ ರದ್ದಿ ಇತ್ತು, ಕುಟ್ಟಿ ಬುಟ್ಟಿ ಮಾಡೇನಿ. ಉಳಸ್ರಿ ಅಂತ ನೀವ ಗೋಡಿಗಿ ಹಾಕೀರಲ್ಲ!”

ಶ್ರೀಶೈಲಪ್ಪ ಒಂದು ಬುಟ್ಟಿ ಎತ್ತಿ ನೋಡಿದ. ತಳದಲ್ಲಿ ಒನಕೆಗೆ ತಪ್ಪಿಸಿಕೊಂಡ ಎರಡು ಚೂರು: ಒಂದರಲ್ಲಿ ರಾಜನ ಅರ್ಧ ಮೀಸೆ, ಅದಕ್ಕೆ ಆತುಕೊಂಡು ಇನ್ನೊಂದರಲ್ಲಿ ‘ಚಿ. ಸೌ.’

“ಒಂದ ಸಲ ತಿರುವಿ ನೋಡಬಾರದೇನ?”

“ನಿಮ್ಮ ತಪ್ಪೆಲ್ಲಾ ಓದಕೋತ ಕುಂತ್ರ ಬುಟ್ಟಿ ಯಾವಾಗ ಆಗಬೇಕ್ರಿ?”

ಅಷ್ಟರಲ್ಲಿ ಅಮೋಘಸಿದ್ಧ ತಾಯಿ ಶೇವಂತೆವ್ವನ ಕೈ ಹಿಡಿದು ಬಾಗಿಲಿಗೇ ಬಂದ.

“ಸಾಹುಕಾರ್ರ, ಪತ್ರಿಕಿ ಆದ್ವೇನ್ರಿ?”

“ಆದ್ವು... ಅಂದ್ರ, ಒಂದ ರೀತೀಲೆ ಆದ್ವು. ಈಗ ದೇಶದಾಗ ಕಾಗದದ ಪರಿಸ್ಥಿತಿ ನೋಡಿದ್ರ...”

ದೇಶದ ಪರಿಸ್ಥಿತಿ ಇನ್ನೂ ದಾರಿಯಲ್ಲಿರುವಾಗಲೇ ಮುದುಕಿ ಅಂಗಳದ ಬುಟ್ಟಿಯೊಂದನ್ನು ಎತ್ತಿ ಬೆರಳಿನಿಂದ ಬಡಿದು ನೋಡಿದಳು.

“ಛಲೋ ಅದಾವಲ್ಲ ತಂಗಿ! ಏನಿವು?”

“ನಿಮ್ಮ ಮೊಮ್ಮಗಳ ಲಗ್ನಪತ್ರಿಕಿ, ಯವ್ವಾ” ಎಂದಳು ಗುರವ್ವ. (ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು.)

ಅಮೋಘಸಿದ್ಧನ ರುಮಾಲು ನಡುಗಿತು. “ಬರೂ ವಾರ ಲಗ್ನ ಐತ್ರಿ! ಮಂದೀನ ಏನಂತ ಕರೀಲಿ?”

ಶ್ರೀಶೈಲಪ್ಪ ಕಣ್ಣು ಮುಚ್ಚಿದ. ಒಳಗೆ ದೊಡ್ಡದೊಂದು ಬೀಗ ಕಂಡಿತು.

ಶೇವಂತೆವ್ವ ಮಾತ್ರ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಲೇ, ನಿನ್ನ ಲಗ್ನಕ್ಕ ಯಾವ ಪತ್ರಿಕಿ ಹೊಡಸಿದ್ದೆ ನಾ? ಅಕ್ಷತಿ ಹಿಡಕೊಂಡು ಮನಿಮನಿಗಿ ಹೋಗಿ ಬಾಯಿ ತುಂಬ ಕರದಿದ್ದೆ. ಬಂದ ಮಂದಿಗಿ ಉಣ್ಣಾಕ ಪತ್ರಾಳಿ ಸಾಲಲಿಲ್ಲ! ಈ ಬುಟ್ಟಿ ಕೊಡ ತಂಗಿ. ಇದರಾಗ ಅಕ್ಷತಿ ಒಯ್ದ್ರ ಪತ್ರಿಕೀನೂ ಒಯ್ದಂಗ ಆತು.”

ಮದುವೆಗೆ ಸೀಮೆಯೇ ನೆರೆಯಿತು. ಮಾನ ಉಳಿಯಿತು, ಪ್ರೆಸ್ಸೂ ಉಳಿಯಿತೆಂದು ಶ್ರೀಶೈಲಪ್ಪ ಮಷಿನ್ನಿಗೆ ಎಣ್ಣೆ ಬಿಟ್ಟ. ಅಷ್ಟರಲ್ಲಿ ಇಂಡಿಯಿಂದ ಒಬ್ಬರು, ನಾಲತವಾಡದಿಂದ ಒಬ್ಬರು ಮದುವೆ ಮನೆಯವರು ಬಂದೇಬಿಟ್ಟರು. ಅವನು ಎದೆಯುಬ್ಬಿಸಿ ಕೇಳಿದ:

“ಎಂಥಾ ಪತ್ರಿಕಿ ಬೇಕ್ರಿ?”

“ಪತ್ರಿಕಿ ಯಾಕ್ರಿ? ಕನ್ನೊಳ್ಳಿ ಲಗ್ನಕ್ಕ ಕರಿಯಾಕ ತಂದಿದ್ರಲ್ಲ, ಅಂಥಾ ಬುಟ್ಟಿ ಬೇಕ್ರಿ. ಅಕ್ಕಾರ ಅದಾರೇನ್ರಿ?”

ಹೀಗೆ ಶ್ರೀಶೈಲಪ್ಪನ ಸಂಕಲ್ಪ ಈಡೇರಿತು. ಕಾಗದ ಉಳಿಯಿತು, ಎಷ್ಟು ಉಳಿಯಿತೆಂದರೆ ಅಚ್ಚು ಹಾಕಿಸುವವರೇ ಉಳಿಯಲಿಲ್ಲ. ಮಷಿನ್ನಿನ ಮೇಲೆ ಹಸಿ ಬುಟ್ಟಿಗಳು ಒಣಗತೊಡಗಿದವು, ಒನಕೆ ಅವನ ಕೈಗೆ ಬಂತು.

“ರೀ, ರದ್ದಿ ತೀರಿತು. ಬ್ಯಾಡಂದಾಗ ದಿನಾ ತಪ್ಪ ಹೊಡೀತಿದ್ರಿ, ಬೇಕಂದಾಗ ಒಂದ ತಪ್ಪರೆ ಹೊಡೀಬಾರದಾ?”

“ಹೊಡ್ಯಾಕ ಹಾಳಿ ಎಲ್ಲೈತಿ?”

ಇಬ್ಬರ ಕಣ್ಣೂ ಗೋಡೆಯ ಕಡೆಗೆ ಹೊರಳಿದವು.

ಶ್ರೀಶೈಲಪ್ಪ ಸ್ಟೂಲು ಹತ್ತಿ, ಮೊಳೆ ಕಿತ್ತು, ‘ಕಾಗದ ಉಳಿಸಿರಿ’ಯನ್ನು ಕೈಯಾರೆ ನೀರಿಗೆ ಬಿಟ್ಟ.

“ಪೂರಾ ಮುಣಗಸ್ರಿ” ಎಂದಳು ಗುರವ್ವ. “ಇನ್ನೊಂದ ಮಗ್ಗಲಾ ಬೋಳ ಬಿಟ್ಟೀರಲ್ಲ, ಅದೂ ನೆನೀಲಿ.”