ಎಲ್ಲರಿಗೂ ನಿರ್ದೇಶಕರ ರಕ್ತ

ದೊಡ್ಡಾಸ್ಪತ್ರೆಯ ಎಲ್ಲ ರೋಗಿಗಳ ರಕ್ತವೂ ಒಂದೇ ಎಂಬುದು ಸುತ್ತೋಲೆ ಸಂಖ್ಯೆ ಹನ್ನೊಂದರ ಪ್ರಕಾರ ಸೋಮವಾರ ಬೆಳಿಗ್ಗೆ ಹತ್ತು ಗಂಟೆಯಿಂದ ಜಾರಿಗೆ ಬಂತು. ಆ ಒಂದು ರಕ್ತ ನಿರ್ದೇಶಕರದು.

ಇದರ ಹಿನ್ನೆಲೆ ಸರಳ. ಒಂದೇ ಮಾತ್ರೆ ಒಬ್ಬನಿಗೆ ಅಮೃತ, ಇನ್ನೊಬ್ಬನಿಗೆ ಬರೀ ನೀರು, ಮತ್ತೊಬ್ಬನಿಗೆ ವಿಷ. ಯಾರಿಗೆ ಏನಾಗುತ್ತದೆ ಎಂಬುದು ಅಪ್ಪ ಅಮ್ಮನಿಂದ ಬಂದ ಜೀನ್‌ಗಳಲ್ಲಿ ಬರೆದಿರುತ್ತದೆ. ಅದನ್ನು ಓದಿ, ಯಾವ ರೋಗಿಗೆ ಯಾವ ಔಷಧ, ಎಷ್ಟು ಎಂದು ಡಾಕ್ಟರುಗಳಿಗೆ ಹೇಳುವ ಹುದ್ದೆಯೊಂದನ್ನು ಆಸ್ಪತ್ರೆ ಹೊಸದಾಗಿ ಹುಟ್ಟಿಸಿತು. ಹುದ್ದೆಯ ಹೆಸರು ಒಂದು ಹಲಗೆಯಲ್ಲಿ ಹಿಡಿಸದ ಕಾರಣ ಎರಡು ಹಲಗೆ ಹಾಕಿದರು. ಎಡಗಡೆ ‘ಜೀನ್ ಆಧಾರಿತ ಔಷಧ ಚಿಕಿತ್ಸಾ’, ಬಲಗಡೆ ‘ತಜ್ಞ ಫಾರ್ಮಸಿಸ್ಟ್’. ಬಾಗಿಲು ತೆರೆದರೆ ಎಡಗಡೆಯದು ಮರೆಯಾಗುತ್ತಿತ್ತು. ಆ ಹುದ್ದೆಗೆ ಬಂದವಳನ್ನು ವಾರ್ಡಿನವರು ಜೀನ್ ಮೇಡಂ ಅಂದರು. ಅಷ್ಟರಲ್ಲಿ ಎಲ್ಲವೂ ಹಿಡಿಸಿತು.

ಯಂತ್ರವೂ ಬಂತು. ಯಂತ್ರದ ಜೊತೆ ಪರೀಕ್ಷೆಯ ಕಿಟ್ ಎರಡು ಬಂದವು: ಒಂದು ಉದ್ಘಾಟನೆಗೆ, ಒಂದು ಕೈ ಪಳಗಿಸಿಕೊಳ್ಳುವುದಕ್ಕೆ. ರೋಗಿಗಳಿಗೆಂದು ಕಿಟ್ ತರಿಸಲು ಟೆಂಡರ್‌ನಲ್ಲಿ ಕಾಲಂ ಇರಲಿಲ್ಲ. ನಿರ್ದೇಶಕರು ರಿಬ್ಬನ್ ಕತ್ತರಿಸಿ, ತೋಳು ಚಾಚಿ, ತಾವೇ ಮೊದಲ ರಕ್ತ ಕೊಟ್ಟರು. ಫೋಟೋದಲ್ಲಿ ಮುಖ ಬಂದಿಲ್ಲವೆಂದು ಇನ್ನೊಮ್ಮೆ ಚುಚ್ಚಿಸಿಕೊಂಡರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಲಾಬಿ ಮಾತ್ರೆ ಅವರ ಮೈಗೆ ಬಹಳ ಚೆನ್ನಾಗಿ ಹೊಂದುತ್ತದೆ ಎಂದು ವರದಿ ಬಂತು. ವರದಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದರು. ಮರುದಿನ ಸುತ್ತೋಲೆ ಹೊರಟಿತು:

‘ಸಂಸ್ಥೆಯ ಮುಖ್ಯಸ್ಥರು ಸಂಸ್ಥೆಯ ಎಲ್ಲರನ್ನೂ ಪ್ರತಿನಿಧಿಸುವುದರಿಂದ, ನಿರ್ದೇಶಕರ ಸ್ಥಾನದಲ್ಲಿರುವವರ ಜೀನ್ ವರದಿಯೇ ಸಮಸ್ತ ರೋಗಿಗಳ ವರದಿ ಎಂದು ಭಾವಿಸತಕ್ಕದ್ದು. ಈ ಬಗ್ಗೆ ರೋಗಿಗಳ ಮೈ ಆಕ್ಷೇಪಿಸಿದಲ್ಲಿ ಮನ್ನಿಸಲಾಗುವುದಿಲ್ಲ.’

ಜೀನ್ ಮೇಡಂ ಸುತ್ತೋಲೆಯನ್ನು ಎರಡು ಸಲ ಓದಿದಳು. ಆಮೇಲೆ ಉಳಿದಿದ್ದ ಒಂದೇ ಕಿಟ್ ಕೈಲಿ ಹಿಡಿದು ಹೃದಯದ ವಾರ್ಡಿಗೆ ನಡೆದಳು. ಹದಿನಾಲ್ಕನೇ ಹಾಸಿಗೆಯಲ್ಲಿ ಬಸ್ ಓಡಿಸುತ್ತಿದ್ದ ಒಬ್ಬ ಮನುಷ್ಯ ಮಲಗಿದ್ದ. ಎದೆಯ ರಕ್ತನಾಳಕ್ಕೆ ಸ್ಪ್ರಿಂಗ್ ಹಾಕಿಸಿಕೊಂಡು, ಗುಲಾಬಿ ಮಾತ್ರೆ ನುಂಗುತ್ತಾ ಇದ್ದರೂ ಎದೆನೋವು ಮರಳಿ ಬಂದಿತ್ತು. ಅವನ ರಕ್ತದ ಮೇಲೆ ಅವಳು ಕೈ ಪಳಗಿಸಿಕೊಂಡಳು. ಉತ್ತರ ಸ್ಪಷ್ಟವಾಗಿತ್ತು.

“ಡ್ರೈವರಣ್ಣ, ಆ ಮಾತ್ರೆ ಹೊಟ್ಟೆಗೆ ಹೋದ ತಕ್ಷಣ ಕೆಲಸ ಮಾಡಲ್ಲ. ಲಿವರ್ ಅದನ್ನ ಎಬ್ಬಿಸಬೇಕು. ನಿಮ್ಮ ಲಿವರ್‌ಗೆ ಆ ಕೆಲಸ ಹುಟ್ಟಿನಿಂದಲೇ ಬರಲ್ಲ.”

“ಹಾಗಾದ್ರೆ ತಿಂಗಳಿಂದ ನಾನು ನುಂಗ್ತಿರೋದು ಏನು?”

“ಪೆಪ್ಪರಮೆಂಟು ಅಂದ್ಕೊಳ್ಳಿ.”

“ಸಿಹಿನೂ ಇಲ್ವಲ್ಲ ತಾಯಿ.”

ಅವನಿಗೆ ಬೇಕಾದದ್ದು ಹಳದಿ ಮಾತ್ರೆ. ಲಿವರಿನ ಹಂಗಿಲ್ಲದೆ ಕೆಲಸ ಮಾಡುವಂಥದು. ಹಳದಿ ಮಾತ್ರೆ ಆಸ್ಪತ್ರೆಯಲ್ಲಿ ಇರಲಿಲ್ಲವೆಂದಲ್ಲ, ಒಂದು ಕಪಾಟಿನ ತುಂಬ ಇತ್ತು. ಸ್ಟೋರ್ ಕೀಪರ್ ಕಪಾಟಿಗೆ ಬೆನ್ನು ಕೊಟ್ಟು ಕುಳಿತಿದ್ದ.

“ಇದು ನಿರ್ದೇಶಕರ ಸಹಿಗೆ ಮಾತ್ರ ತೆರೆಯುತ್ತೆ ಮೇಡಂ. ಅವಧಿ ಮುಗಿಯೋವರೆಗೆ ಜೋಪಾನವಾಗಿ ಇಡೋದು ನನ್ನ ಡ್ಯೂಟಿ.”

“ಮುಗಿದ ಮೇಲೆ?”

“ಜೋಪಾನವಾಗಿ ಸುಡೋದು.”

ಅವಳು ಟಿಪ್ಪಣಿ ಬರೆದು ಕಚೇರಿಗೆ ಕಳಿಸಿದಳು. ಟಿಪ್ಪಣಿ ಮೂರನೇ ದಿನ ಹೆಡ್ ಕ್ಲಾರ್ಕ್‌ನ ಷರಾದೊಂದಿಗೆ ವಾಪಸ್ ಬಂತು: ‘ಸುತ್ತೋಲೆ ಹನ್ನೊಂದರಂತೆ ಸದರಿ ರೋಗಿಗೆ ಗುಲಾಬಿ ಮಾತ್ರೆ ಕೆಲಸ ಮಾಡುತ್ತಿದೆ. ಇದನ್ನು ರೋಗಿಯ ಗಮನಕ್ಕೆ ತರುವುದು.’

ಅವಳು ನಿರ್ದೇಶಕರ ಕೋಣೆಗೇ ಹೋದಳು. ನಿರ್ದೇಶಕರು ವಿದೇಶದ ಒಂದು ಸಮ್ಮೇಳನಕ್ಕೆ ಭಾಷಣ ತಯಾರಿ ಮಾಡುತ್ತಿದ್ದರು. ಭಾಷಣದ ಹೆಸರು ‘ಪ್ರತಿ ರೋಗಿಗೂ ಅವರದೇ ಔಷಧ’.

“ಸರ್, ಹದಿನಾಲ್ಕನೇ ಹಾಸಿಗೆಯವರಿಗೆ ಆ ಮಾತ್ರೆ ಕೆಲಸ ಮಾಡ್ತಿಲ್ಲ.”

“ನನಗೆ ಮಾಡುತ್ತಲ್ಲಮ್ಮ.”

“ನಿಮಗೆ ಹೃದಯದ ಕಾಯಿಲೆನೇ ಇಲ್ಲ ಸರ್.”

“ಇಲ್ಲದೇ ಇರೋನಿಗೇ ಇಷ್ಟು ಚೆನ್ನಾಗಿ ಹೊಂದುತ್ತೆ ಅಂದ್ರೆ, ಇರೋರಿಗೆ ಇನ್ನೆಷ್ಟು ಹೊಂದಬೇಡ.” ಅವರು ಕನ್ನಡಕ ತೆಗೆದು ಒರೆಸಿದರು. “ನೋಡಮ್ಮ, ಅವನ ಬಿಡುಗಡೆ ಪತ್ರದಲ್ಲಿ ‘ಔಷಧ ಹೊಂದಿದೆ’ ಅಂತ ನಿನ್ನ ಸಹಿ ಒಂದು ಬಾಕಿ ಇದೆ. ನಿನ್ನ ಕೆಲಸ ಕಾಯಂ ಮಾಡೋ ಫೈಲಿನಲ್ಲಿ ನನ್ನ ಸಹಿ ಒಂದು ಬಾಕಿ ಇದೆ. ಎರಡೂ ಒಟ್ಟಿಗೇ ಆಗಿಬಿಡಲಿ.”

ಅವಳು ಸಹಿ ಹಾಕಲಿಲ್ಲ. ಸಹಿ ಇಲ್ಲದೆ ಡ್ರೈವರ್ ಮನೆಗೆ ಹೋಗುವಂತಿಲ್ಲ. ಸಹಿ ಇದ್ದರೂ ಹಳದಿ ಮಾತ್ರೆ ಸಿಗುವಂತಿಲ್ಲ. ಹೀಗೆ ಅವನು ಆಸ್ಪತ್ರೆಯಲ್ಲಿ ನಲವತ್ತು ದಿನ ತುಂಬಿಸಿದ. ಅಷ್ಟರಲ್ಲಿ ಎದೆನೋವು ಇನ್ನೊಮ್ಮೆ ಬಂದು ಹೋಯಿತು. ಮುಂದಿನ ಸಲ ಬಂದರೆ ಹೋಗುವುದು ನೋವಲ್ಲ, ಮನುಷ್ಯ ಎಂದು ವಾರ್ಡಿನ ಡಾಕ್ಟರು ವರಾಂಡದಲ್ಲಿ ಮೆಲ್ಲಗೆ ಹೇಳಿದರು. ಮೆಲ್ಲಗೆ ಯಾಕೆಂದರೆ ಜೋರಾಗಿ ಹೇಳಿದರೆ ಅದು ಸುತ್ತೋಲೆಯ ಉಲ್ಲಂಘನೆ.

“ಸಹಿ ಹಾಕಿಬಿಡಿ ತಾಯಿ,” ಅಂದ ಡ್ರೈವರ್. “ನನ್ನ ದೆಸೆಯಿಂದ ನಿಮ್ಮ ಅನ್ನಕ್ಕೆ ಯಾಕೆ ಕಲ್ಲು ಬೀಳಬೇಕು?”

“ಹಾಕಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಾರೆ.”

“ಒಳ್ಳೇದೇ ಆಯ್ತಲ್ಲ.”

“ಬ್ರೇಕ್ ಇಲ್ಲದ ಬಸ್ಸನ್ನ ನೀವು ಡಿಪೋದಿಂದ ಹೊರಗೆ ಬಿಡ್ತಿದ್ರಾ?”

ಡ್ರೈವರ್ ದಿಂಬಿಗೆ ಒರಗಿದ. “ಬಿಡು ಅಂತ ಬರೆದುಕೊಡಿ ಅಂತಿದ್ದೆ. ಯಾರೂ ಬರೆದುಕೊಡ್ತಿರಲಿಲ್ಲ.”

ಆ ಬುಧವಾರ ನಿರ್ದೇಶಕರು ಉಪನಿರ್ದೇಶಕರನ್ನೂ ಕರೆದುಕೊಂಡು ಹತ್ತು ದಿನದ ಸಮ್ಮೇಳನಕ್ಕೆ ವಿಮಾನ ಹತ್ತಿದರು. ಪ್ರಭಾರ ನಿರ್ದೇಶಕರು ಯಾರಾಗಬೇಕು ಎಂಬ ಫೈಲು ಹೆಡ್ ಕ್ಲಾರ್ಕ್‌ನ ಮೇಜಿಗೆ ಬಂತು. ಈ ಬಗ್ಗೆ ನಿರ್ದೇಶಕರೇ ಮಾಡಿದ ನಿಯಮವೊಂದಿತ್ತು. ಡಾಕ್ಟರುಗಳು ವಾರದ ಮಧ್ಯೆಯೇ ಮಾಯವಾಗುತ್ತಾರೆಂದು ಸಿಟ್ಟು ಬಂದ ದಿನ ಮಾಡಿದ್ದು: ‘ಆವರಣದಲ್ಲಿ ಅತಿ ಹೆಚ್ಚು ದಿನ ನಿರಂತರ ಹಾಜರಿದ್ದವರೇ ಪ್ರಭಾರಕ್ಕೆ ಹಿರಿಯರು. ಹಾಜರಿ ಎಂದರೆ ಆಸ್ಪತ್ರೆಯ ಯಾವುದೇ ಪುಸ್ತಕದಲ್ಲಿ ಬೆಳಿಗ್ಗೆ ಮತ್ತು ಸಂಜೆ ಬಿದ್ದ ಗುರುತು.’

ಹೆಡ್ ಕ್ಲಾರ್ಕ್ ಕೆಟ್ಟವನಲ್ಲ. ಒಳ್ಳೆಯವನೂ ಅಲ್ಲ. ನಿಯಮ ಹೇಳಿದರೆ ಕುರ್ಚಿಗೂ ಕೈ ಮುಗಿಯುವವನು. ಅವನು ಡಾಕ್ಟರುಗಳ ಹಾಜರಿ ಪುಸ್ತಕ ತಿರುವುತ್ತಿದ್ದ. ಅತಿ ಹೆಚ್ಚಿನ ನಿರಂತರ ಹಾಜರಿ ಎರಡೂವರೆ ದಿನ ಇತ್ತು. ಜೀನ್ ಮೇಡಂ ಹೃದಯದ ವಾರ್ಡಿನ ಪುಸ್ತಕ ತಂದು ಅದರ ಪಕ್ಕದಲ್ಲಿಟ್ಟಳು. ರೋಗಿಗಳ ಜ್ವರ ನೋಡಿ ಬೆಳಿಗ್ಗೆ ಒಂದು, ಸಂಜೆ ಒಂದು ಗುರುತು ಹಾಕುವ ಪುಸ್ತಕ.

“ಇದು ಯಾಕೆ?”

“ಯಾವುದೇ ಪುಸ್ತಕ ಅಂತ ಇದೆಯಲ್ಲ ಸರ್.”

ಹೆಡ್ ಕ್ಲಾರ್ಕ್ ಬೆರಳು ಮಡಿಸಿ ಎಣಿಸಿದ. ಮತ್ತೊಮ್ಮೆ ಎಣಿಸಿದ. “ಹದಿನಾಲ್ಕನೇ ಹಾಸಿಗೆ. ನಲವತ್ತೊಂದು ದಿನ. ಒಂದು ಹೊತ್ತೂ ತಪ್ಪಿಸಿಲ್ಲ.” ಅವನ ದನಿಯಲ್ಲಿ ಗೌರವವಿತ್ತು. “ಇಂಥವರು ನಮ್ಮಲ್ಲಿ ಇದ್ದಾರೆ ಅಂತಲೇ ಗೊತ್ತಿರಲಿಲ್ಲ.”

“ನೌಕರರಾಗಿರಬೇಕು ಅಂತ ನಿಯಮ ಹೇಳುತ್ತಾ ಸರ್?”

“ಹೇಳಲ್ಲ. ಹೇಳದೇ ಇರೋದನ್ನ ಸೇರಿಸೋಕೆ ನಾನು ಯಾರಮ್ಮ?”

ಆದೇಶ ಟೈಪಾಯಿತು. ಇಬ್ಬರು ಜವಾನರು ಚಕ್ರದ ಕುರ್ಚಿಯನ್ನು ನಿರ್ದೇಶಕರ ಕೋಣೆಯಿಂದ ತಳ್ಳಿಕೊಂಡು ಬಂದು ಹದಿನಾಲ್ಕನೇ ಹಾಸಿಗೆಯ ಪಕ್ಕ ನಿಲ್ಲಿಸಿದರು. ಮೈಕಿನಲ್ಲಿ ಘೋಷಣೆ ಆಯಿತು. ಡ್ರೈವರನ ಹೆಂಡತಿ ಆಗ ತಾನೇ ಒಗೆದ ಬಟ್ಟೆ ತಂದಿದ್ದಳು. ಗಂಡ ಆಸ್ಪತ್ರೆಯ ಗೌನಿನಲ್ಲಿ ಮೆತ್ತನೆಯ ಕುರ್ಚಿಯ ಮೇಲೆ ಕುಳಿತಿರುವುದನ್ನು ನೋಡಿದಳು.

“ಮನೇಲಿ ಒಂದು ಬಲ್ಬು ಬದಲಾಯಿಸೋಕೆ ಮೂರು ತಿಂಗಳು ತಗೊಂಡ್ರಿ. ಆಸ್ಪತ್ರೆ ನಡೆಸ್ತೀರಾ?”

“ಇಲ್ಲಿ ನಾನು ಏನೂ ಮಾಡಬೇಕಾಗಿಲ್ಲ ಕಣೆ. ಸಹಿ ಮಾಡಿದ್ರೆ ಸಾಕು.”

“ಹಾಗಾದ್ರೆ ಸರಿ. ನಿಮಗೆ ಹೇಳಿ ಮಾಡಿಸಿದ ಕೆಲಸ.”

ಅವನು ಸಹಿ ಮಾಡಿದ. ಸ್ಟೋರ್ ಕೀಪರ್ ಸಹಿಯನ್ನು ಬೆಳಕಿಗೆ ಹಿಡಿದು ನೋಡಿ, ಕಪಾಟಿಗೆ ಕೊಟ್ಟಿದ್ದ ಬೆನ್ನು ತೆಗೆದು ಎದ್ದು ನಿಂತು, ಬಾಗಿಲು ತೆರೆದ. ಆ ದಿನ ಮಧ್ಯಾಹ್ನ ಹದಿನಾಲ್ಕನೇ ಹಾಸಿಗೆಗೆ ಹಳದಿ ಮಾತ್ರೆ ಬಂತು. ನಿರ್ದೇಶಕರ ಬಳಕೆಗೆ ಬೇಕಾದ ಸಾಮಾನಿಗೆ ಟೆಂಡರ್ ಬೇಕಾಗಿರಲಿಲ್ಲವಾದ್ದರಿಂದ ಹೊಸ ಕಿಟ್ ಒಂದು ಗಂಟೆಯಲ್ಲಿ ಬಂತು. ಪ್ರಭಾರ ನಿರ್ದೇಶಕರ ವರದಿ ಗೋಡೆಯ ಕಟ್ಟಿನೊಳಗೆ ಕುಳಿತಿತು. ಹಳೆಯದು ಸ್ಟೋರಿಗೆ ಹೋಯಿತು.

ಸಂಜೆ ಜೀನ್ ಮೇಡಂ ವಾರ್ಡಿಗೆ ಬಂದಾಗ ಎಲ್ಲ ಮೂವತ್ತು ಹಾಸಿಗೆಗಳಿಗೂ ಹಳದಿ ಮಾತ್ರೆ ಹಂಚಿಯಾಗಿತ್ತು. ಸುತ್ತೋಲೆ ಹನ್ನೊಂದು ಯಾರನ್ನೂ ಬಿಟ್ಟಿರಲಿಲ್ಲ. ಗುಲಾಬಿ ಮಾತ್ರೆಯಲ್ಲಿ ಚೆನ್ನಾಗಿಯೇ ಇದ್ದ ಒಂಬತ್ತನೇ ಹಾಸಿಗೆಯ ಅಜ್ಜಿಗೆ ವಸಡಿನಿಂದ ರಕ್ತ ಒಸರುತ್ತಿತ್ತು.

“ಯಾಕಮ್ಮ, ಹಲ್ಲಿಲ್ಲದ ಬಾಯಿಂದಲೂ ಕಂದಾಯ ವಸೂಲಿ ಮಾಡ್ತೀರಾ?” ಅಂದಳು ಅಜ್ಜಿ.

ಜೀನ್ ಮೇಡಂ ನೇರ ನಿರ್ದೇಶಕರ ಹಾಸಿಗೆಗೆ ಓಡಿದಳು. “ಡ್ರೈವರಣ್ಣ, ಸುತ್ತೋಲೆ ರದ್ದು ಮಾಡಿ. ನಿಮ್ಮ ಕೈಲಾಗುತ್ತೆ.”

ಡ್ರೈವರ್ ಫೈಲು ಹಿಡಿದು ಪಕ್ಕದಲ್ಲೇ ನಿಂತಿದ್ದ ಹೆಡ್ ಕ್ಲಾರ್ಕ್‌ನ ಕಡೆ ನೋಡಿದ. ರದ್ದತಿಗೆ ಸಮಿತಿ ಬೇಕು, ಸಮಿತಿಗೆ ಉಪನಿರ್ದೇಶಕರು ಬೇಕು, ಅವರು ಸಮ್ಮೇಳನದಲ್ಲಿ ನಿರ್ದೇಶಕರ ಬ್ಯಾಗು ಹಿಡಿದಿದ್ದಾರೆ ಎಂದು ಹೆಡ್ ಕ್ಲಾರ್ಕ್ ಹೇಳಿದ. ಕುರ್ಚಿಯಿಂದ ಇಳಿದು ಹಾಜರಿಯಲ್ಲಿ ನಂತರದವರಿಗೆ ಪಾಳಿ ಬದಲಾಯಿಸುವುದಕ್ಕೆ ಮಾತ್ರ ಯಾವ ಸಮಿತಿಯೂ ಬೇಕಿಲ್ಲ, ನಂತರದವರು ಒಂಬತ್ತನೇ ಹಾಸಿಗೆ ಎಂದೂ ಹೇಳಿದ.

“ಅಷ್ಟೇ ತಾನೇ,” ಅಂದ ಡ್ರೈವರ್. “ಮೂವತ್ತು ವರ್ಷ ಪಾಳಿಯಲ್ಲೇ ಬದುಕಿದೀನಿ. ಸ್ಟೀರಿಂಗ್ ಒಂದೇ ಇದ್ರೆ ಡ್ರೈವರನ್ನ ಬದಲಾಯಿಸಬೇಕು. ಆ ಕುರ್ಚಿ ಅಜ್ಜಿ ಹತ್ರ ತಳ್ಳಿ.”

“ಅಜ್ಜಿ ಇಳಿದು ಇನ್ನೊಬ್ಬರು ಕೂತ್ರೆ ಅಜ್ಜಿಗೆ ಮತ್ತೆ ಆ ಕೂತೋರ ಮಾತ್ರೆನೇ ಕೊಡ್ತಾರಲ್ಲ?” ಅಂದಳು ಜೀನ್ ಮೇಡಂ.

ಹೆಡ್ ಕ್ಲಾರ್ಕ್‌ಗೆ ನೋವಾದಂತೆ ಕಂಡಿತು. “ಮೇಡಂ, ಮಾಜಿ ನಿರ್ದೇಶಕರಿಗೆ ಅವರು ಅಧಿಕಾರದಲ್ಲಿದ್ದಾಗಿನ ವೈದ್ಯಕೀಯ ಸವಲತ್ತು ಸಾಯೋವರೆಗೂ ಉಂಟು. ಎಂಟು ನಿಮಿಷ ಇದ್ದರೂ ಉಂಟು. ನಾವು ಅಷ್ಟು ಕೃತಘ್ನರಲ್ಲ.”

ಹಾಗೆ ಪಾಳಿ ಪದ್ಧತಿ ಜಾರಿಗೆ ಬಂತು. ಕುರ್ಚಿ ಒಂದು ಹಾಸಿಗೆಯ ಪಕ್ಕ ನಿಲ್ಲುತ್ತದೆ. ರೋಗಿ ನಿರ್ದೇಶಕರಾಗುತ್ತಾರೆ. ಕಿಟ್ ಬರುತ್ತದೆ. ಜೀನ್ ಮೇಡಂ ರಕ್ತ ತೆಗೆಯುತ್ತಾಳೆ, ವರದಿ ಓದುತ್ತಾಳೆ, ಅವರಿಗೆ ಹೊಂದುವ ಮಾತ್ರೆ ಬರೆಯುತ್ತಾಳೆ, ನಿರ್ದೇಶಕರು ತಮ್ಮ ಮಾತ್ರೆಗೆ ತಾವೇ ಸಹಿ ಮಾಡಿ ಮಾಜಿಯಾಗುತ್ತಾರೆ. ಜವಾನರು ಕುರ್ಚಿ ತಳ್ಳುತ್ತಾರೆ. ಯಾವ ಕೆಲಸಕ್ಕೆಂದು ಅವಳನ್ನು ನೇಮಿಸಿದ್ದರೋ ಅದೇ ಕೆಲಸವನ್ನು ಅವಳು ಮಾಡುತ್ತಿದ್ದಳು. ನಡುವೆ ಒಂದು ಕುರ್ಚಿ ಬೇಕಾಯಿತು, ಅಷ್ಟೇ. ಬಡವನಿಗೆ ಅವನ ರಕ್ತ ಅವನದೇ ಎಂದು ಸಾಬೀತು ಮಾಡಲು ಅಷ್ಟಾದರೂ ಬೇಡವೇ?

ಅಜ್ಜಿ ತನ್ನ ಆಡಳಿತದಲ್ಲಿ ಎರಡು ಫೈಲು ವಿಲೇವಾರಿ ಮಾಡಿದಳು. ಒಂದು ತನ್ನ ಗುಲಾಬಿ ಮಾತ್ರೆ. ಇನ್ನೊಂದು ಜೀನ್ ಮೇಡಂಳ ಕೆಲಸ ಕಾಯಂ ಮಾಡುವ ಫೈಲು. ‘ಕಾರ್ಯದಕ್ಷತೆ’ ಎಂಬ ಕಾಲಂಗೆ ಏನು ಬರೆಯಲಿ ಎಂದು ಹೆಡ್ ಕ್ಲಾರ್ಕ್ ಕೇಳಿದ. “ಸೂಜಿ ಚುಚ್ಚಿದ್ದು ಗೊತ್ತೇ ಆಗಲ್ಲ ಅಂತ ಬರಿ ಮಗಾ,” ಅಂದು ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಡ್ರೈವರನ ಎದೆ ಎಂಟು ದಿನ ಸುಮ್ಮನಿತ್ತು. ‘ಔಷಧ ಹೊಂದಿದೆ’ ಎಂಬುದರ ಕೆಳಗೆ ಜೀನ್ ಮೇಡಂ ದಪ್ಪಕ್ಷರದಲ್ಲಿ ಸಹಿ ಹಾಕಿದಳು. ಮಾಜಿ ನಿರ್ದೇಶಕರು ಹೆಂಡತಿಯ ಹಿಂದೆ ಬಟ್ಟೆಯ ಚೀಲ ಹೊತ್ತುಕೊಂಡು ಮನೆಗೆ ಹೋದರು.

ಹನ್ನೊಂದನೇ ದಿನ ಹಳೆಯ ನಿರ್ದೇಶಕರು ಸಮ್ಮೇಳನದಲ್ಲಿ ಸಿಕ್ಕ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಕೋಣೆಯಲ್ಲಿ ಕುರ್ಚಿ ಇರಲಿಲ್ಲ.

“ಇಪ್ಪತ್ತೆರಡನೇ ಹಾಸಿಗೆಯಲ್ಲಿದೆ ಸರ್,” ಅಂದ ಹೆಡ್ ಕ್ಲಾರ್ಕ್. “ಅವರು ಕ್ಷೌರದವರು. ಒಳ್ಳೇ ಆಡಳಿತ.”

“ನಾನು ಬಂದಾಯ್ತಲ್ಲ. ಕುರ್ಚಿ ತರಿಸಿ.”

“ತಮ್ಮ ನಿರಂತರ ಹಾಜರಿ ಈಗ ಹದಿನೈದು ನಿಮಿಷ ಸರ್.”

“ಯಾವ ಮೂರ್ಖ ಮಾಡಿದ ನಿಯಮ ಇದು?”

ಹೆಡ್ ಕ್ಲಾರ್ಕ್ ಫೈಲು ತೆರೆದು ಸಹಿ ತೋರಿಸಿದ. ನಿರ್ದೇಶಕರು ತಮ್ಮ ಸಹಿಯನ್ನು ಗುರುತಿಸಿದರು.

“ರದ್ದು ಮಾಡ್ತೀನಿ.”

“ಅದನ್ನ ಶುರು ಮಾಡೋ ಅಧಿಕಾರವೂ ನಿರ್ದೇಶಕರಿಗೆ ಮಾತ್ರ ಸರ್. ಅವರೀಗ ಊಟ ಮಾಡಿ ಮಲಗಿದ್ದಾರೆ.”

ದಾರಿ ಒಂದೇ ಇತ್ತು. ಅವರು ಸಂಜೆಯೇ ದಾಖಲಾದರು. ವಾರ್ಡು ತುಂಬಿದ್ದರಿಂದ ವರಾಂಡದಲ್ಲಿ, ಬಚ್ಚಲಿನ ಪಕ್ಕ, ಮೂವತ್ತೊಂದನೇ ಹಾಸಿಗೆ ಹಾಕಿಕೊಟ್ಟರು. ಈಗ ದಿನಕ್ಕೆ ಎರಡು ಸಲ ಸಿಸ್ಟರ್ ಬಂದಾಗ ಅವರು ಜ್ವರದ ಕಡ್ಡಿಯನ್ನು ತಾವಾಗಿಯೇ ಬಾಯಿಗಿಟ್ಟುಕೊಂಡು, ಪುಸ್ತಕದಲ್ಲಿ ಗುರುತು ಬಿದ್ದದ್ದನ್ನು ಕತ್ತು ಎತ್ತಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಅವರ ಪಾಳಿ ಶುಕ್ರವಾರ, ಹತ್ತೂವರೆಯಿಂದ ಹತ್ತೂ ಮುಕ್ಕಾಲರವರೆಗೆ.

ಮೊದಲ ರಾತ್ರಿ ಮಾತ್ರೆ ಕೊಡಲು ಜೀನ್ ಮೇಡಂ ತಾನೇ ಬಂದಳು.

“ನನಗೆ ಯಾವುದು ಹೊಂದುತ್ತೆ ಅಂತ ವರದಿ ಇತ್ತಲ್ಲಮ್ಮ, ಗೋಡೆ ಮೇಲೆ?”

“ಅದು ಹಳೇ ನಿರ್ದೇಶಕರದು ಸರ್. ಸ್ಟೋರಿನಲ್ಲಿದೆ.”

“ಈಗ ಕೊಡ್ತಿರೋದು ನನಗೆ ಹೊಂದುತ್ತೆ ಅಂತ ಹೇಗೆ ಹೇಳ್ತೀಯ?”

“ಹಾಲಿ ನಿರ್ದೇಶಕರಿಗೆ ಹೊಂದಿದೆ ಸರ್.”

ನಿರ್ದೇಶಕರು ಸ್ವಲ್ಪ ಯೋಚಿಸಿ, ಅದು ಸರಿಯಾದ ಉತ್ತರವೆಂದು ಕಂಡು, ಬಾಯಿ ತೆರೆದರು. ಅವಳು ಕೋಟಿನ ಜೇಬಿನಿಂದ ಗುಲಾಬಿಯೂ ಅಲ್ಲದ, ಹಳದಿಯೂ ಅಲ್ಲದ ಒಂದನ್ನು ತೆಗೆದು ನಾಲಿಗೆಯ ಮೇಲಿಟ್ಟಳು. ಅವರು ಚೀಪಿದರು.

“ಸಿಹಿಯಾಗಿದೆಯಲ್ಲ.”

“ನಿಮ್ಮ ಜೀನ್‌ಗೆ ಹಾಗನ್ನಿಸುತ್ತೆ ಸರ್.”

ಇನ್ನೊಂದು ಸಿಗುತ್ತದೆಯೇ ಎಂದು ಅವರು ಕೇಳಿದರು. ಅದಕ್ಕೆ ನಿರ್ದೇಶಕರ ಸಹಿ ಬೇಕು ಎಂದಳು ಪಕ್ಕದಲ್ಲಿದ್ದ ಸಿಸ್ಟರ್. ಅದು ನಿಯಮವೇ ಎಂದು ಒಪ್ಪಿ, ಅವರು ಬಚ್ಚಲಿನ ಕಡೆಗೆ ಬೆನ್ನು ಮಾಡಿ ಮಲಗಿದರು.